ಮುಮ್ಮಂಡೆಯ ಎರಡು ತಲೆ ಹೋದ ದಿನ

ಎಲ್ಲಾ ಅನಾಹುತಕ್ಕೂ ಮೂಲ ಮೂರು ತಲೆ. ಇರುವ ಒಂದು ತಲೆಯನ್ನು ಸಂಭಾಳಿಸುವುದೇ ಕಷ್ಟವಾಗಿರುವ ಈ ಕಾಲದಲ್ಲಿ ನಮ್ಮ ಸಾಹಿತಿ ತನ್ನ ಕಾದಂಬರಿಯ ದೈತ್ಯನಿಗೆ ಮೂರು ತಲೆ ಇಟ್ಟಿದ್ದ. ಬರೆಯುವವನ ಗಂಟೇನು ಹೋಗುತ್ತದೆ, ಬೇಕಾದರೆ ಮೂವತ್ತು ಇಡಬಹುದು. ಟೀವಿಯವರ ಪಾಡು ಹಾಗಲ್ಲ. ತಲೆಗೊಂದು ಮೇಕಪ್ಪು, ತಲೆಗೆರಡು ಕೊಂಬು, ದೀಪದ ಬಿಸಿಗೆ ಆ ಕೊಂಬಿನ ಅಂಟು ಕರಗಿ ಮೂಗಿನ ಮೇಲೆ ಜಾರುವುದು ಬೇರೆ. ಹೀಗಾಗಿ ಅವರು ಎರಡು ತಲೆ ತೆಗೆದು ಹಾಕಿದರು. ಉಳಿದ ಒಂದು ತಲೆ ಯಾರದು ಅನ್ನುವುದೇ ಈಗಿನ ತಲೆನೋವು.

ಸಾಹಿತಿ ಅನ್ನುವುದು ಬೀದಿಯವರು ಇಟ್ಟ ಹೆಸರು. ಅದರಲ್ಲಿ ಗೌರವ ಕಾಲು ಭಾಗ, ಕುಚೋದ್ಯ ಮುಕ್ಕಾಲು. ಹೊಟ್ಟೆಪಾಡಿಗೆ ಅವನು ಅಕ್ಕನ ಲಾಂಡ್ರಿಯಲ್ಲಿ ಕೂತು, ಬಂದ ಬಟ್ಟೆಗೆ ನಂಬರಿನ ಚೀಟಿ ಕಟ್ಟುತ್ತಿದ್ದ. ಒಂದು ಗಿರಾಕಿಗೂ ಇನ್ನೊಂದು ಗಿರಾಕಿಗೂ ನಡುವೆ ಸಿಕ್ಕ ಬಿಡುವಿನಲ್ಲಿ 'ಆವಿಕೋಟೆ' ಅಂತ ಕಾದಂಬರಿ ಬರೆದ. ಒಂದು ಭಾಗ ಹೋಗಿ ಆರು ಭಾಗ ಆಯಿತು. ಆವಿ ತುಂಬಿದ ಕೋಟೆಯಲ್ಲಿ ಮುಮ್ಮಂಡೆ ಅನ್ನುವ ದೈತ್ಯ ಇರುತ್ತಾನೆ. ಜನರ ನೆರಳುಗಳನ್ನು ಹಿಡಿದು ತಂದು, ನೀರು ಚಿಮುಕಿಸಿ, ಬಂಡೆಯ ಮೇಲೆ ಹರಡಿ, ಕಾದ ಗದೆಯಿಂದ ಉಜ್ಜಿ ಉಜ್ಜಿ ಸಪಾಟು ಮಾಡುತ್ತಾನೆ. ಸುಕ್ಕು ಹೋದ ನೆರಳಿನವನು ಜನ್ಮದಲ್ಲಿ ಎದುರು ಮಾತಾಡಲಾರ. ಕೊನೆಗೆ ನೆರಳಿಗೊಂದು ನಂಬರು ಕಟ್ಟಿ ಗೂಟಕ್ಕೆ ನೇತು ಹಾಕುತ್ತಾನೆ.

ಅರ್ಧ ಕಣ್ಣಿದ್ದವನಿಗೂ ಇದು ಲಾಂಡ್ರಿ ಅಂತ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮೂರು ತಲೆ, ಆರು ಕೊಂಬು, ಪೊರಕೆಯಂಥ ಮೀಸೆ, ಇವೆಲ್ಲ ಸಾಹಿತಿ ಉಪಾಯವಾಗಿ ಹಾಕಿದ ಮುಸುಕು. ಆ ಮುಸುಕಿನೊಳಗೆ ಇದ್ದವಳು ಅವನ ಅಕ್ಕ.

ಅಕ್ಕ ಅಂದರೆ ಅವನಿಗೊಬ್ಬನಿಗೇ ಅಲ್ಲ, ಬೀದಿಗೇ ಅಕ್ಕ. ತಾಯಿ ಕಣ್ಣು ಮುಚ್ಚಿದಾಗ ತಾನೇ ಇನ್ನೂ ಲಂಗದ ಹುಡುಗಿ, ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡು ತಮ್ಮನನ್ನು ಸಾಕಿದವಳು, ಓದಿಸಿದವಳು. ಸೊಂಟಕ್ಕೆ ಬೀಗದ ಕೈ ಗೊಂಚಲು, ಕೈಯಲ್ಲಿ ಇಸ್ತ್ರಿ, ಸುತ್ತ ಹಬೆ. ಅವಳು ಯಾರಿಗೂ ಅಪ್ಪಣೆ ಮಾಡುವುದಿಲ್ಲ. "ನಾನು ಹೇಳ್ದೆ ಅಂತಲ್ಲ" ಅಂತ ಶುರು ಮಾಡುತ್ತಾಳೆ, ಅಷ್ಟೆ. ಆಮೇಲೆ ಬರುವುದನ್ನು ಮಾಡದೆ ಬದುಕಿದವರು ಇಲ್ಲ. "ನಾನು ಹೇಳ್ದೆ ಅಂತಲ್ಲ, ಈ ಕಾಲರ್ ನೋಡಿದ್ರೆ ನಿಮ್ಮನೇಲಿ ನೀರಿಗೆ ಬರ ಅನ್ಸತ್ತೆ" ಅಂದಳೆಂದರೆ ಗಿರಾಕಿ ಮಾರನೇ ದಿನ ಕತ್ತು ಉಜ್ಜಿಕೊಂಡೇ ಬರುತ್ತಿದ್ದ.

ಒಂದು ಸಲ ಅಂಗಡಿ ತುಂಬ ಜನರಿದ್ದಾಗ ತಮ್ಮನಿಗೆ ಹೇಳಿದಳು: "ನಾನು ಹೇಳ್ದೆ ಅಂತಲ್ಲ, ನೀನು ಇಸ್ತ್ರಿ ಮಾಡಿದ ಅಂಗಿಗಿಂತ ಕರು ನೆಕ್ಕಿದ ಅಂಗಿ ವಾಸಿ." ಜನ ನಕ್ಕರು. ಸಾಹಿತಿಯ ಮೈ ಉರಿದು ಹೋಯಿತು. ಆ ಉರಿಯಲ್ಲೇ ಹುಟ್ಟಿದವನು ಮುಮ್ಮಂಡೆ. ಅಕ್ಕನ ಮಾತನ್ನೂ ಬಿಡಲಿಲ್ಲ. ಆದರೆ ದೈತ್ಯ ಅದನ್ನು ಹಳಗನ್ನಡದಲ್ಲಿ ಗುಡುಗುತ್ತಿದ್ದ: "ಆಂ ಪೇಳ್ದೆನೆಂದಲ್ತು." ಯಾರಿಗೆ ಗೊತ್ತಾಗಬೇಕು? ಆರೂ ಭಾಗ ಓದಿದ್ದ ಬೀದಿಯ ನಿವೃತ್ತ ಮೇಷ್ಟ್ರಂತೂ ಅದರ ಮೇಲೆ ಭಾಷಣವನ್ನೇ ಮಾಡಿದ್ದರು. ಆಡುವವನು ನಾನಲ್ಲ, ಆಡಿಸುವವನು ಬೇರೆ ಅನ್ನುವ ಪರಮತತ್ವ ಅದರಲ್ಲಿದೆಯಂತೆ.

ಅಕ್ಕ ಮಾತ್ರ ಪುಸ್ತಕ ಓದಿರಲಿಲ್ಲ. ಮೊದಲನೇ ಭಾಗದ ಮೊದಲ ಪ್ರತಿಯನ್ನು ಅವನು ಅವಳ ಕೈಗೇ ಕೊಟ್ಟಿದ್ದ. ಅದು ಇಸ್ತ್ರಿ ಮೇಜಿನ ಗಿಡ್ಡ ಕಾಲಿನ ಕೆಳಗೆ ಸೇರಿತು. ಮೇಜು ಅಲ್ಲಾಡುವುದು ನಿಂತಿತು, ಅಕ್ಕ ಓದಿಬಿಟ್ಟರೆ ಗತಿಯೇನು ಅಂತ ಸಾಹಿತಿಯ ಎದೆ ಅಲ್ಲಾಡುವುದೂ ನಿಂತಿತು.

ಇಷ್ಟರಲ್ಲಿ ಟೀವಿಯವರು ಬಂದು ಕತೆ ತಗೊಂಡರು. ಸಾಹಿತಿ ಮೊಬೈಲನ್ನು ಯಾವಾಗಲೂ ಎಲ್ಲೋ ಇಟ್ಟು ಮರೆಯುವವನಾದ್ದರಿಂದ ಲಾಂಡ್ರಿಯ ಫೋನ್ ನಂಬರೇ ಕೊಟ್ಟಿದ್ದ. ಅವರು ಒಂದು ಆಸೆಯನ್ನೂ ಹಚ್ಚಿ ಹೋಗಿದ್ದರು. ಮೊದಲ ಕಂತು ಪ್ರಸಾರವಾದ ಮೇಲೆ ಸಂಭಾಷಣೆ ಬರೆಯಲು ಒಬ್ಬರು ದಿನಾ ಸ್ಟುಡಿಯೋಗೆ ಬರಬೇಕು, ಖಾಯಂ ಕೆಲಸ, ಅದು ನಿಮ್ಮ ಮನೆ ಬಿಟ್ಟು ಹೊರಗೆ ಹೋಗಲ್ಲ ಸರ್ ಅಂದಿದ್ದರು. ಅಂದಿನಿಂದ ಸಾಹಿತಿ ಚೀಟಿ ಕಟ್ಟುವಾಗಲೂ ಸ್ಟುಡಿಯೋದ ಕುರ್ಚಿಯಲ್ಲೇ ಕೂತಿದ್ದ. ಅಕ್ಕಾ, ಇನ್ನು ನನ್ನಿಂದ ಲಾಂಡ್ರಿ ಆಗಲ್ಲ ಅನ್ನುವ ಒಂದು ವಾಕ್ಯವನ್ನು ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿದ್ದ.

ಕೊನೆಗೆ ಆ ದಿನ ಬಂತು. ಸಂಜೆ ಮೊದಲ ಕಂತು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಎದುರಂಗಡಿಯ ದರ್ಜಿ ಮೊಬೈಲು ಹಿಡಿದುಕೊಂಡು ಓಡಿ ಬಂದ. ಈ ದರ್ಜಿಗೆ ತನ್ನ ಬಟ್ಟೆ ಬಿಟ್ಟು ಊರವರ ಎಲ್ಲಾ ಕೆಲಸವೂ ಬರುತ್ತದೆ. ಮೊಬೈಲಿನ ವಿಡಿಯೋದಲ್ಲಿ ಧಾರಾವಾಹಿಯ ನಿರ್ದೇಶಕ ಮಾತಾಡುತ್ತಿದ್ದ. ಮೂರು ತಲೆ ದುಬಾರಿ ಆಯಿತು, ಅದಕ್ಕೇ ಒಂದು ಮಾಡಿದೀವಿ. ಮೀಸೆ ಬೇಡ ಅನಿಸಿತು, ಅದಕ್ಕೇ ಹೆಂಗಸು ಮಾಡಿದೀವಿ. ಹಳಗನ್ನಡ ಯಾರಿಗೂ ಅರ್ಥ ಆಗಲ್ಲ, ಅದಕ್ಕೇ ಜನ ಆಡೋ ಮಾತೇ ಹಾಕಿದೀವಿ. ಅಷ್ಟು ಹೇಳಿ ಒಂದು ತುಣುಕು ತೋರಿಸಿದ. ಹಬೆಯ ನಡುವೆ ಒಬ್ಬ ಹೆಂಗಸು. ಸೊಂಟದಲ್ಲಿ ಬೀಗದ ಕೈ ಗೊಂಚಲು. ಗದೆ ಹೋಗಿ ಕೈಗೆ ಇಸ್ತ್ರಿಪೆಟ್ಟಿಗೆ ಬಂದಿತ್ತು. ಅವಳು ಬಾಯಿ ತೆರೆದು "ನಾನು..." ಅನ್ನುವಷ್ಟರಲ್ಲಿ ತುಣುಕು ಮುಗಿಯಿತು.

ಮುಸುಕು ಹೊದಿಸಲು ಸಾಹಿತಿಗೆ ಆರು ಭಾಗ ಬೇಕಾಗಿತ್ತು. ಈ ಪುಣ್ಯಾತ್ಮರು ಏನೂ ಗೊತ್ತಿಲ್ಲದೆ, ಒಂದೊಂದೇ ಬದಲಾಯಿಸುತ್ತಾ ಬದಲಾಯಿಸುತ್ತಾ, ಮುಮ್ಮಂಡೆಯನ್ನು ತಂದು ಅಕ್ಕನ ಪಕ್ಕದಲ್ಲೇ ನಿಲ್ಲಿಸಿದ್ದರು. ಕಾಕತಾಳೀಯ ಅಂದರೆ ಇದೇ ಇರಬೇಕು ಅಂದುಕೊಂಡ ಪಾಪ.

ಅಕ್ಕ ಬೈದರೆ ಅವನಿಗೆ ಭಯವಿರಲಿಲ್ಲ. ಬೈಗುಳ ತಿಂದೇ ಬೆಳೆದ ಮೈ ಅದು. ಅವಳು ಸುಮ್ಮನಾಗಿಬಿಟ್ಟರೆ ಅನ್ನುವುದೇ ಭಯ. ಹಿಂದೊಮ್ಮೆ ಹಲ್ಲುನೋವು ಅಂತ ಅವಳು ಬಾಯಿ ಮುಚ್ಚಿಕೊಂಡಿದ್ದಾಗ ಮನೆಯೊಳಗೆ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ. ಅನ್ನ ಹಾಕಿದ ಕೈಯನ್ನು ತಮ್ಮ ದೈತ್ಯನ ಕೈ ಮಾಡಿದ ಅಂತ, ಅದೂ ಬೀದಿಯವರ ಮುಂದೆ ಗೊತ್ತಾದರೆ, ಅವಳ ಮನಸ್ಸು ಒಡೆದು ಹೋಗುತ್ತದೆ. ಅದನ್ನು ನೋಡುವುದಕ್ಕಿಂತ ಬಾಯ್ಲರಿನೊಳಗೆ ಕೂರುವುದು ಮೇಲು ಅನಿಸಿತು.

ಆದರೆ ಅಕ್ಕ ಆಗಲೇ ಇಡೀ ಬೀದಿಗೆ ಹೇಳಿ ಕಳಿಸಿದ್ದಳು. ಸಂಜೆ ಲಾಂಡ್ರಿಯಲ್ಲೇ ಎಲ್ಲರೂ ಕೂತು ನೋಡುವುದು. ಇಸ್ತ್ರಿ ಮೇಜಿನ ಮೇಲೆ ಟೀವಿ ಏರಿ ಕೂತಿತ್ತು. ಸಾಹಿತಿ ಮೆಲ್ಲಗೆ, ಮೊದಲ ಕಂತು ಬರೀ ಬೋರಂತೆ, ನೋಡೋದು ಬೇಡ ಅಂದ. "ನೀನು ಬರೆದದ್ದಲ್ವೇನೋ, ಬೋರ್ ಇರತ್ತೆ ಅಂತ ಗೊತ್ತಿದ್ದೇ ಕರೆದಿದೀನಿ" ಅಂದಳು ಅಕ್ಕ.

ಅವಳು ಹಿಂದುಗಡೆ ಹೋದಾಗ ಅವನು ಟೀವಿಯವರಿಗೆ ಫೋನು ಹಚ್ಚಿದ. ನನ್ನ ದೈತ್ಯನನ್ನು ಹೆಂಗಸು ಮಾಡಲು ಯಾರನ್ನು ಕೇಳಿದಿರಿ ಅಂತ ಪಿಸುಗುಟ್ಟುತ್ತಲೇ ಕೂಗಾಡಿದ. ಆ ಕಡೆಯವನು ಶಾಂತವಾಗಿ, ಒಂದೊಂದೂ ನಿಮ್ಮ ಕಡೆಯವರನ್ನು ಕೇಳಿಯೇ ಮಾಡಿದ್ದು ಸರ್, ಅವರು ತುಂಬಾ ಚೆನ್ನಾಗಿ ವಿವರಿಸಿದರು ಅಂದ. ನಿಮ್ಮ ಕಡೆಯವರು ಅಂದರೆ ಪ್ರಕಾಶಕರು ಅಂತ ಅರ್ಥ ಮಾಡಿಕೊಂಡ ಸಾಹಿತಿ, ಪ್ರಕಾಶಕರ ಏಳು ತಲೆಮಾರಿಗೂ ಮನಸ್ಸಿನಲ್ಲೇ ಮಂಗಳಾರತಿ ಎತ್ತಿ ಫೋನು ಇಟ್ಟ.

ಉಳಿದದ್ದು ಒಂದೇ ದಾರಿ. ಕಳ್ಳ ಬೆಕ್ಕಿನ ಹಾಗೆ ತಾರಸಿ ಹತ್ತಿದ. ಟೀವಿಯ ತಂತಿ ಕಿತ್ತುಬಿಟ್ಟರೆ ಮುಗಿಯಿತಲ್ಲ. ತಂತಿಗೆ ಕೈ ಹಾಕಿದ್ದೇ ತಡ, ಎದುರಿನಿಂದ ದರ್ಜಿ ನೋಡಿದ. ಸಾಹಿತಿಗಳು ತಂತಿ ಬಿಗಿ ಮಾಡುತ್ತಿದ್ದಾರೆ ಅಂದುಕೊಂಡು ಸ್ಕ್ರೂಡ್ರೈವರ್ ಸಮೇತ ಹತ್ತಿ ಬಂದ. "ನೀವು ಬಿಡಿ ಸಾಹಿತಿಗಳೇ, ನಿಮ್ಮದು ಪೆನ್ನು ಹಿಡಿಯೋ ಕೈ" ಅಂತ ಪಕ್ಕಕ್ಕೆ ತಳ್ಳಿ, ಏನೇನೋ ತಿರುಗಿಸಿದ. ಕೆಳಗಿನಿಂದ ಅಕ್ಕನ ದನಿ ಬಂತು. ಚಿತ್ರ ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲವಂತೆ. ಇಳಿಯುವ ಗಡಿಬಿಡಿಯಲ್ಲಿ ಸಾಹಿತಿಯ ಪ್ಯಾಂಟು ಕಬ್ಬಿಣದ ಏಣಿಗೆ ಸಿಕ್ಕಿ, ಹಿಂಭಾಗದಲ್ಲಿ ಕಿಟಕಿ ತೆರೆದುಕೊಂಡಿತು.

ಹೊಲಿದು ತರುತ್ತೇನೆ ಅಂತ ದರ್ಜಿ ಪ್ಯಾಂಟನ್ನು ಬಿಚ್ಚಿಸಿಕೊಂಡೇ ಹೋದ. ಊರವರ ಪ್ಯಾಂಟೆಲ್ಲ ತುಂಬಿದ ಲಾಂಡ್ರಿಯಲ್ಲಿ ಸಾಹಿತಿಗೆ ಉಡಲು ಒಂದೂ ಇಲ್ಲ. ಗಿರಾಕಿಯ ಬಟ್ಟೆ ಮುಟ್ಟಿದರೆ ಅಕ್ಕ ಕೈ ಮುರಿಯುತ್ತಾಳೆ. ಅಷ್ಟರಲ್ಲಿ ಮೇಷ್ಟ್ರು ಮೆಟ್ಟಿಲು ಹತ್ತಿದರು. ಸಾಹಿತಿಗೆ ಬೇರೇನೂ ತೋಚದೆ, ಚಿಕ್ಕಂದಿನಲ್ಲಿ ಅಕ್ಕನ ಏಟಿಗೆ ಹೆದರಿ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ. ಮಾಸಿದ ಬಟ್ಟೆಯ ದೊಡ್ಡ ಬುಟ್ಟಿಯೊಳಗೆ ಇಳಿದು ಕೂತ.

ಮೇಷ್ಟ್ರು ಕೆಂಡವಾಗಿದ್ದರು. ಅವರೂ ಆ ತುಣುಕು ನೋಡಿದ್ದರು. ಪುಸ್ತಕದಲ್ಲಿ ಹಾಗಿಲ್ಲ, ಮುಮ್ಮಂಡೆ ಗಂಡಸು, ಮೂರು ತಲೆ ಮೂರು ಗುಣಗಳ ಸಂಕೇತ, ಎಲ್ಲಿ ನಿಮ್ಮ ತಮ್ಮ ಅಂತ ಕೇಳಿದರು. ಅಕ್ಕ ಇಲ್ಲೇ ಎಲ್ಲೋ ಇದಾನೆ ಅಂದವಳೇ, ಮೇಷ್ಟ್ರ ಗಂಟು ಬಿಚ್ಚಿ ಒಂದೊಂದೇ ಬಟ್ಟೆಯನ್ನು ಬುಟ್ಟಿಗೆ ಎಸೆಯತೊಡಗಿದಳು. ಮೇಷ್ಟ್ರ ಬನಿಯನ್ನು ಸಾಹಿತಿಯ ಮುಖದ ಮೇಲೆ ಬಂದು ಕೂತಿತು. ಮೇಷ್ಟ್ರು ಸಂಕೇತಗಳನ್ನೆಲ್ಲ ವಿವರಿಸಿ ಮುಗಿಸುವ ತನಕ ಅವನು ಆ ಬನಿಯನ್ನಿನ ಮೂಲಕವೇ ಉಸಿರಾಡಿದ. ಸಾಹಿತ್ಯದಲ್ಲಿ ಓದುಗನಿಗೆ ಅಷ್ಟು ಹತ್ತಿರ ಹೋದವರು ವಿರಳ.

ಸಂಜೆಯಾಯಿತು. ಹೊಲಿದ ಪ್ಯಾಂಟು ಬಂತು, ಬೀದಿಯೂ ಬಂತು. ಕುರ್ಚಿ ಸಾಲದೆ ಕೆಲವರು ಬಟ್ಟೆ ಗಂಟುಗಳ ಮೇಲೆ ಕೂತರು. ಅಕ್ಕ ಹೊಸ ಬಟ್ಟೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದಳು. ಇನ್ನೇನು ಶುರುವಾಗಬೇಕು, ಪಟ್ಟನೆ ಕರೆಂಟು ಹೋಯಿತು. ದರ್ಜಿ ಟಾರ್ಚು ಹಿಡಿದು ಗೋಡೆಯ ಮೀಟರ್ ನೋಡಿ, ಫ್ಯೂಸೇ ಇಲ್ಲ ಅಂದ. ಛೆ ಛೆ ಅಂತ ಎಲ್ಲರಿಗಿಂತ ಜೋರಾಗಿ ಹಲುಬಿದವನು ಸಾಹಿತಿ.

ಬಟ್ಟೆ ಒಗೆಯುವವರಿಗೆ ಒಂದು ಅಭ್ಯಾಸ ಇರುತ್ತದೆ. ಎಂಥ ಬಟ್ಟೆ ಕಂಡರೂ ಮೊದಲು ಜೇಬು ನೋಡುತ್ತಾರೆ. ಕತ್ತಲಲ್ಲೇ ಅಕ್ಕನ ದನಿ ಕೇಳಿಸಿತು: "ನಾನು ಹೇಳ್ದೆ ಅಂತಲ್ಲ, ನಿನ್ನ ಬಲಗಡೆ ಜೇಬು ಯಾಕೋ ಉಬ್ಬಿದೆ ಕಣೋ."

ಸಾಹಿತಿ ಫ್ಯೂಸು ತೆಗೆದು ಕೊಟ್ಟ. ದೀಪ ಬಂತು. ಅವನ ಮುಖ ಮಾತ್ರ ಆರಿಯೇ ಇತ್ತು.

ಕಂತು ಶುರುವಾಯಿತು. ಹಬೆ ಸರಿಯಿತು, ದೈತ್ಯೆ ಬಂದಳು. ನೆರಳೊಂದನ್ನು ಮೇಜಿನ ಮೇಲೆ ಹರಡಿ ನೀರು ಚಿಮುಕಿಸಿದಳು. ಬೀಗದ ಕೈ ಗೊಂಚಲು ಸರಿಮಾಡಿಕೊಂಡು, ತಲೆ ವಾಲಿಸಿ, ಥೇಟ್ ಅದೇ ರಾಗದಲ್ಲಿ ಹೇಳಿದಳು: "ನಾನು ಹೇಳ್ದೆ ಅಂತಲ್ಲ..."

ಅಂಗಡಿಯಲ್ಲಿದ್ದ ಎಲ್ಲರ ಕಣ್ಣುಗಳೂ ಪರದೆಯಿಂದ ಅಕ್ಕನ ಕಡೆಗೆ, ಅಕ್ಕನಿಂದ ಸಾಹಿತಿಯ ಕಡೆಗೆ ತಿರುಗಿದವು. ಮೇಷ್ಟ್ರು ಬಾಯಿ ತೆರೆದು, "ಆಂ ಪೇಳ್ದೆನೆಂದಲ್ತು" ಅಂತ ತಮಗೆ ತಾವೇ ಗುನುಗಿ, ಅದರ ಅರ್ಥ ಹೊಳೆದವರಂತೆ ತೆರೆದ ಬಾಯನ್ನು ಹಾಗೇ ಮುಚ್ಚಿದರು. ಪರಮತತ್ವ ಅಲ್ಲೇ ಆವಿಯಾಯಿತು.

ಸಾಹಿತಿಯ ಕೊನೆಯ ಆಸೆ ರಾಜಕುಮಾರನ ಮೇಲಿತ್ತು. ಪುಸ್ತಕದಲ್ಲಿ ಒಬ್ಬ ಆಜಾನುಬಾಹು ರಾಜಕುಮಾರ ಇದ್ದಾನೆ. ನೆರಳುಗಳನ್ನು ಬಿಡಿಸಲು ಬರುವ ವೀರ. ಯಾರನ್ನು ನೋಡಿ ಬರೆದದ್ದು ಅಂತ ಬೇರೆ ಹೇಳಬೇಕಾಗಿಲ್ಲ. ಅವನಾದರೂ ಬಂದು ಮಾನ ಉಳಿಸಲಿ ಅಂತ ಕಾದ. ರಾಜಕುಮಾರ ಬರಲೇ ಇಲ್ಲ. ಅವನ ಬದಲು ಮೂಲೆಯ ಬುಟ್ಟಿಯೊಂದು ಅಲ್ಲಾಡಿತು. ಅದರೊಳಗಿಂದ ಡೊಳ್ಳುಹೊಟ್ಟೆಯ ಒಬ್ಬ ಪುಕ್ಕಲ ಮೆಲ್ಲಗೆ ಎರಡು ಕಣ್ಣು ಮಾತ್ರ ಹೊರಗಿಟ್ಟ. ಅವನು ದೈತ್ಯೆಯ ತಮ್ಮನಂತೆ. ಹೆದರಿದಾಗಲೆಲ್ಲ ಬುಟ್ಟಿ ಸೇರುತ್ತಾನಂತೆ.

ಮೊದಲು ದರ್ಜಿ ನಕ್ಕ. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಬಟ್ಟೆ ಗಂಟಿನ ಮೇಲೆ ಕೂತವರು ಉರುಳಿ ಬಿದ್ದರು. ಅಕ್ಕನೂ ನಗುತ್ತಿದ್ದಳು. ಕಣ್ಣೊರೆಸಿಕೊಂಡು ನಗುತ್ತಿದ್ದಳು. ಸಾಹಿತಿ ಮಾತ್ರ ಅಂಗಡಿಯ ಮೂಲೆಯ ಬುಟ್ಟಿಯನ್ನೇ ನೋಡುತ್ತಿದ್ದ. ಬುಟ್ಟಿಯ ಸಂಗತಿ ಅವನು ಆರು ಭಾಗದಲ್ಲಿ ಎಲ್ಲೂ ಬರೆದಿರಲಿಲ್ಲ. ಅದು ಗೊತ್ತಿದ್ದವರು ಭೂಮಿಯ ಮೇಲೆ ಇಬ್ಬರೇ.

ಜನ ಹೋದ ಮೇಲೆ ಅವನು ಅಕ್ಕನ ಎದುರು ನಿಂತ. ಬಾಯಿಪಾಠ ಮಾಡಿದ್ದ ವಾಕ್ಯ ಮರೆತೇ ಹೋಗಿತ್ತು. ಟೀವಿಯವರಿಗೆ ಹೇಳಿದ್ದು ನೀನಾ ಅಂತಷ್ಟೇ ಕೇಳಿದ.

"ಅವರು ಫೋನ್ ಮಾಡಿ ಕೇಳಿದ್ರು, ನಾನು ಹೇಳಿದೆ" ಅಂದಳು ಅಕ್ಕ ಕುರ್ಚಿಗಳನ್ನು ಎತ್ತಿಡುತ್ತಾ. "ಮೂರು ತಲೆ ಹೇಗೆ ಮಾಡೋದು ಅಂತ ಒದ್ದಾಡ್ತಿದ್ರು. ಯಾಕಪ್ಪಾ ಕಷ್ಟ, ಇರೋದೇ ಒಂದು ಅಂದೆ. ರಾಜಕುಮಾರ ಯಾರು ಅಂದ್ರು. ಅಂಥವನು ಯಾರೂ ಈ ಮನೇಲಿ ಇರ್ಲಿಲ್ಲ, ಇದ್ದವನು ಬುಟ್ಟೀಲಿ ಇದ್ದ ಅಂದೆ."

"ನೀನು ಪುಸ್ತಕ ಓದೇ ಇಲ್ವಲ್ಲಕ್ಕಾ. ಮೇಜಿನ ಕಾಲಿಗೆ ಇಟ್ಟಿದೀಯ."

"ಓದಿ ಮುಗಿಸಿದ ಮೇಲೇ ಕಣೋ ಇಟ್ಟಿದ್ದು."

ಹಲ್ಲುನೋವು ಅಂದಿದ್ದು ಆವಾಗಲೇ ಅಂತ ಅವಳೇ ಹೇಳಿದಳು. ಹೊಟ್ಟೆ ಬಟ್ಟೆ ಕಟ್ಟಿ ಸಾಕಿದ್ದಕ್ಕೆ ಇವನು ನನಗೆ ಕೊಂಬು ಇಟ್ಟನಲ್ಲ ಅಂತ ಕರುಳು ಕಿತ್ತು ಬಂದಿತ್ತಂತೆ. ಮಾತಾಡಿದರೆ ಅತ್ತುಬಿಡುತ್ತೇನೆ ಅಂತ ಬಾಯಿ ಮುಚ್ಚಿಕೊಂಡಿದ್ದಳಂತೆ. ಸಾಹಿತಿ ತಲೆ ತಗ್ಗಿಸಿದ. ಅವನಿಗೆ ನಿಜವಾಗಿಯೂ ಆ ಬುಟ್ಟಿ ಬೇಕಾಗಿತ್ತು.

"ಆಮೇಲೆ ನಾಲ್ಕನೇ ಭಾಗದಲ್ಲಿ ಮುಮ್ಮಂಡೆನ ನೀನು ಸಾಯಿಸ್ದೆ ನೋಡು. ಬರೀತಾ ಬರೀತಾ ಇಲ್ಲೇ ಕೂತು ಗೊಳೋ ಅಂತ ಅತ್ತೆ. ಸೋಪಿನ ನೊರೆ ಕಣ್ಣಿಗೆ ಬಿತ್ತು ಅಂತ ಗಿರಾಕಿಗೆ ಸುಳ್ಳು ಹೇಳ್ದೆ. ಐದನೇ ಭಾಗದಲ್ಲಿ ಮತ್ತೆ ಬದುಕಿಸ್ದೆ. ಅವತ್ತೇ ನನ್ನ ಕೋಪ ಹೋಯ್ತು." ಅವಳು ಅವನ ಕಾಲರನ್ನು ಎಳೆದು ಸರಿಮಾಡಿದಳು. "ಕೊಂಬು ಇಟ್ಟಿದ್ದಕ್ಕೆ ಬೇಜಾರಿಲ್ಲ ಕಣೋ. ಮೀಸೆ ಯಾಕೆ ಇಟ್ಟೆ?"

ಸಾಹಿತಿ ಅಳುತ್ತಾ ನಕ್ಕ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದು ಹೋಯಿತು. ಇಷ್ಟು ದೊಡ್ಡ ಮನಸ್ಸಿನ ಅಕ್ಕನಿಗೆ ಉಳಿದದ್ದನ್ನೂ ಹೇಳಿಬಿಡೋಣ, ನಾಳೆಯಿಂದ ಸ್ಟುಡಿಯೋ, ಸಂಭಾಷಣೆ, ಖಾಯಂ ಕೆಲಸ ಅಂತ ಬಾಯಿ ತೆರೆದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಟೀವಿಯವರು. ಅವನು ಕೈ ಚಾಚಿದ. ಅಕ್ಕ ಅದಕ್ಕೂ ಮುಂಚೆ ಎತ್ತಿಕೊಂಡು ಹೂಂ, ಹೂಂ, ಸರಿ, ಬರ್ತೀನಿ ಅಂದು ಇಟ್ಟಳು.

"ಜನಕ್ಕೆ ತುಂಬಾ ಹಿಡಿಸಿತಂತೆ. ಸಂಭಾಷಣೆ ಬರೆಯೋಕೆ ನಾಳೆಯಿಂದ ದಿನಾ ಬನ್ನಿ ಅಂತಿದಾರೆ" ಅಂದಳು. "ನಿನ್ನ ವಿಷಯಾನೂ ಕೇಳಿದೆ. ಅವರ ಹಳಗನ್ನಡ ಬೇಡಮ್ಮಾ, ನೀವು ಆಡೋ ಹಾಗೇ ಬರೆದುಕೊಡಿ ಸಾಕು ಅಂದ್ರು."

ಆ ಕೆಲಸ ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ಟೀವಿಯವರು ಕೊಟ್ಟ ಮಾತಿಗೆ ತಪ್ಪುವವರಲ್ಲ.

ಅಕ್ಕ ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ ತಮ್ಮನ ಸೊಂಟಕ್ಕೆ ಸಿಕ್ಕಿಸಿದಳು. ನಾನು ಹೇಳ್ದೆ ಅಂತಲ್ಲ, ಬಾಯ್ಲರು ಬೆಳಿಗ್ಗೆ ಬೇಗ ಹಚ್ಚಿದರೆ ಒಳ್ಳೇದು ಅಂದು ಮಲಗಲು ಹೋದಳು.

ಮಾರನೇ ದಿನ ಮೇಷ್ಟ್ರು ಬಟ್ಟೆ ಗಂಟು ಹಿಡಿದು ಬಂದಾಗ ಲಾಂಡ್ರಿ ತುಂಬ ಹಬೆ. ಹಬೆಯೊಳಗೆ ಯಾರೋ ಇಸ್ತ್ರಿ ಉಜ್ಜುತ್ತಿದ್ದರು, ಬೀಗದ ಕೈ ಝಣಝಣ ಅನ್ನುತ್ತಿತ್ತು. ಮೇಷ್ಟ್ರು ಅಕ್ಕ ಎಲ್ಲಿ ಅಂತ ಕೇಳಿದರು. ಸ್ಟುಡಿಯೋಗೆ ಅಂತ ಉತ್ತರ ಬಂತು. ಒಂದು ಕೈ ಹೊರಬಂದು ಅವರ ಗಂಟಿನಿಂದ ಅಂಗಿ ಎಳೆದು, ಬೆಳಕಿಗೆ ಹಿಡಿದು, ಕಾಲರನ್ನು ಮಡಿಸಿ ನೋಡಿತು.

"ನಾನು ಹೇಳ್ದೆ ಅಂತಲ್ಲ, ಮೇಷ್ಟ್ರೇ..." ಅಂದ ಸಾಹಿತಿ.